ಮಗಳಿಗೆ ಪೋಲ್ ವಾಲ್ಟ್ ಹುಚ್ಚು: 14ಕ್ಕೆ ಶುರು ಮಾಡಿದರೆ ತಡವಾಯಿತಾ?

ಪ್ರಶ್ನೆ: ನಮ್ಮದು ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಮಗಳಿಗೆ 14 ವರ್ಷ, 9ನೇ ತರಗತಿ. ಚಿಕ್ಕಂದಿನಿಂದ ಮಲ್ಲಕಂಬ ಮಾಡುತ್ತಾಳೆ, ಹಗ್ಗದ ಮೇಲೂ ಚೆನ್ನಾಗಿ ಆಡುತ್ತಾಳೆ. 100 ಮೀಟರ್ ಓಟವನ್ನು 14.2 ಸೆಕೆಂಡಿನಲ್ಲಿ ಓಡಿದ್ದಾಳೆ. ಉದ್ದನೆಯ ಕೋಲು (ಪೋಲ್) ಊರಿ ಎತ್ತರದ ಅಡ್ಡಪಟ್ಟಿ (ಬಾರ್) ದಾಟುವ ಪೋಲ್ ವಾಲ್ಟ್ ವಿಡಿಯೊವನ್ನು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೋಡಿದಾಗಿನಿಂದ ಅದೇ ಧ್ಯಾನ. ದೇಶದ ಪರವಾಗಿ ಹಾರಬೇಕು ಅನ್ನುತ್ತಾಳೆ. ಪಿ.ಟಿ. ಮಾಸ್ತರರು ಸದ್ಯಕ್ಕೆ ಬಿದಿರಿನ ಗಳ ಹಿಡಿದು ಕಲಿಯಲಿ ಅಂದರು. ಮನೆಯವರು ಸಾಲ ಮಾಡಿಯಾದರೂ ಒಳ್ಳೆಯ ಪೋಲ್ ಕೊಡಿಸೋಣ ಅನ್ನುತ್ತಾರೆ. ನನಗೆ ಭಯ. ಈ ಆಟದಲ್ಲಿ ಹೆಣ್ಣುಮಕ್ಕಳ ಬದುಕು ಹೇಗಿರುತ್ತದೆ? ಈಗ ಶುರು ಮಾಡಿದರೆ ತಡವಾಯಿತಾ? ನಾವು ಮೊದಲು ಏನು ಮಾಡಬೇಕು?

ಉತ್ತರ: ತಂಗೀ, ಮೊದಲು ನಿಮ್ಮ ಭಯಕ್ಕೆ ಉತ್ತರ ಹೇಳಿಬಿಡುತ್ತೇನೆ. 14 ತಡವಲ್ಲ. ಈ ಆಟಕ್ಕೆ ಅದು ಒಳ್ಳೆಯ ವಯಸ್ಸೇ. ಆದರೆ ಪೋಲ್ ಈಗ ಕೊಳ್ಳಬೇಡಿ, ಅದಕ್ಕಾಗಿ ಸಾಲವಂತೂ ಬೇಡ. ಬಿದಿರಿನ ಗಳ ಹಿಡಿದು ಬಾರ್ ಮೇಲೆ ಹಾರುವುದೂ ಬೇಡ. ಮುಂದಿನ ಒಂದೂವರೆ ಎರಡು ವರ್ಷ ಮಗಳು ಜೋರಾಗಿ ಓಡುವುದನ್ನು ಕಲಿಯಲಿ, ಮಲ್ಲಕಂಬ ಬಿಡದಿರಲಿ. ಪೋಲ್ ಆಮೇಲೆ ಬರುತ್ತದೆ. ಮಾಸ್ತರರ ಉತ್ಸಾಹವೂ ನಿಮ್ಮ ಮನೆಯವರ ಆಸೆಯೂ ನನಗೆ ಅರ್ಥವಾಗುತ್ತವೆ. ಆದರೂ ಬೇಡ ಅನ್ನುತ್ತಿದ್ದೇನೆ, ಅದಕ್ಕೆ ಕಾರಣಗಳಿವೆ.

ದೊಡ್ಡ ವಾಲ್ಟರ್‌ಗಳು ಎಲ್ಲಿಂದ ಬಂದರು ನೋಡಿ. ಮಹಿಳೆಯರ ವಿಶ್ವದಾಖಲೆ ಇವತ್ತಿಗೂ ರಷ್ಯಾದ ಯೆಲೆನಾ ಇಸಿನ್‌ಬಯೆವಾ ಹೆಸರಿನಲ್ಲಿದೆ, 5.06 ಮೀಟರ್. ಆಕೆ 5ನೇ ವಯಸ್ಸಿನಿಂದ 15ರವರೆಗೆ ಜಿಮ್ನಾಸ್ಟಿಕ್ಸ್ ಮಾಡಿದವಳು. ಎತ್ತರ ಬೆಳೆದುಬಿಟ್ಟಳು, 1.74 ಮೀಟರ್. ಜಿಮ್ನಾಸ್ಟಿಕ್ಸ್‌ಗೆ ಅದು ಜಾಸ್ತಿ. 1997ರಲ್ಲಿ ಪೋಲ್ ವಾಲ್ಟ್‌ಗೆ ಬಂದಳು, ಅಂದರೆ 15ಕ್ಕೆ. ಬ್ರೆಜಿಲ್‌ನ ಫಾಬಿಯಾನಾ ಮುರೆರ್ ಕೂಡ ಜಿಮ್ನಾಸ್ಟಿಕ್ಸ್‌ನಿಂದ ಬಂದು 2011ರಲ್ಲಿ ವಿಶ್ವ ಚಾಂಪಿಯನ್ ಆದವಳು. ಅಮೆರಿಕದ ಸ್ಟೇಸಿ ಡ್ರಾಗಿಲಾ ಏಳು ಸ್ಪರ್ಧೆಗಳ ಹೆಪ್ಟಥ್ಲಾನ್ ಆಡುತ್ತಿದ್ದಳು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಬೆಳ್ಳಿ ಗೆದ್ದ ತತಿಯಾನಾ ಗ್ರಿಗೊರಿಯೆವಾ ಮೊದಲು 400 ಮೀಟರ್ ಹರ್ಡಲ್ಸ್ ಓಡುತ್ತಿದ್ದಳು. ಎಲ್ಲರಿಗಿಂತ ಅಚ್ಚರಿ ಅಮೆರಿಕದ ಜೆನಿಫರ್ ಸುಹರ್. ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದ ಹುಡುಗಿ 2004ರಲ್ಲಿ, 22ರ ವಯಸ್ಸಿಗೆ ಪೋಲ್ ಮುಟ್ಟಿದಳು. 2008ರಲ್ಲಿ ಒಲಿಂಪಿಕ್ ಬೆಳ್ಳಿ, 2012ರಲ್ಲಿ ಚಿನ್ನ.

ಇವರೆಲ್ಲ ಬರಿಗೈಯಲ್ಲಿ ಬಂದವರಲ್ಲ ಅನ್ನುವುದನ್ನು ಗಮನಿಸಿ. ಕೆಲವರು ವೇಗ ತಂದರು. ಕೆಲವರು ಗಾಳಿಯಲ್ಲಿ ತಲೆಕೆಳಗಾಗಿ ಮೈ ನಿಭಾಯಿಸುವುದನ್ನು ತಂದರು. ಪೋಲ್ ಹಿಡಿಯುವುದನ್ನು ಆಮೇಲೆ ಕಲಿತರು.

ಈ ಆಟ ಹೆಣ್ಣುಮಕ್ಕಳಿಗೆ ಸಿಕ್ಕಿದ್ದೇ ತಡವಾಗಿ. ಗಂಡಸರ ಪೋಲ್ ವಾಲ್ಟ್ 1896ರ ಮೊದಲ ಒಲಿಂಪಿಕ್ಸ್‌ನಿಂದಲೂ ಇದೆ. ಹೆಂಗಸರ ತೋಳಿಗೆ ಅಷ್ಟು ಬಲವಿಲ್ಲ ಅಂತ ಬಹಳ ಕಾಲ ನಂಬಿದ್ದರು. ಚೀನಾದ ಸುನ್ ಕೈಯುನ್ 1992ರಲ್ಲಿ ಹಾರಿದ 4.05 ಮೀಟರ್ ಮಹಿಳೆಯರ ಮೊದಲ ಅಧಿಕೃತ ವಿಶ್ವದಾಖಲೆ. ವಿಶ್ವ ಚಾಂಪಿಯನ್‌ಷಿಪ್‌ಗೆ ಸೇರಿದ್ದು 1999ರಲ್ಲಿ, ಒಲಿಂಪಿಕ್ಸ್‌ಗೆ 2000ದಲ್ಲಿ. ಎರಡನ್ನೂ ಡ್ರಾಗಿಲಾ ಗೆದ್ದಳು, ಎರಡೂ ಸಲ 4.60 ಮೀಟರ್. ಅಂದರೆ ನಿಮ್ಮ ಮಗಳು ಕನಸು ಕಾಣುತ್ತಿರುವ ಆಟಕ್ಕೆ ಒಲಿಂಪಿಕ್ಸ್‌ನಲ್ಲಿ ಇನ್ನೂ 30 ವರ್ಷವೂ ತುಂಬಿಲ್ಲ.

ಈಗ ವೇಗದ ಮಾತು. ನೋಡುವವರಿಗೆ ಇದು ತೋಳಿನ ಆಟ ಅನ್ನಿಸುತ್ತದೆ. ನಿಜವಾಗಿ ಇದು ಓಟದ ಆಟ. ಓಡುವ ವೇಗವನ್ನೇ ಪೋಲ್ ಎತ್ತರ ಮಾಡಿ ಕೊಡುತ್ತದೆ. ಲೆಕ್ಕ ಹೈಸ್ಕೂಲಿನದೇ, ಮಗಳೇ ಮಾಡಬಲ್ಲಳು. ವೇಗವನ್ನು ವೇಗದಿಂದಲೇ ಗುಣಿಸಿ 19.6ರಿಂದ ಭಾಗಿಸಿದರೆ ಆ ವೇಗ ಎಷ್ಟು ಮೀಟರ್ ಎತ್ತಬಲ್ಲದು ಅಂತ ಗೊತ್ತಾಗುತ್ತದೆ. ಸೆಕೆಂಡಿಗೆ 7 ಮೀಟರ್ ಓಡಿದರೆ 2.5 ಮೀಟರ್. 8 ಮೀಟರ್ ಓಡಿದರೆ ಸುಮಾರು 3.27. ನಿಂತಾಗ ನಮ್ಮ ಮೈಭಾರದ ನಡುಬಿಂದು ನೆಲದಿಂದ ಸುಮಾರು 1 ಮೀಟರ್ ಮೇಲಿರುತ್ತದೆ, ಅದನ್ನು ಕೂಡಿಸಿ. 7ಕ್ಕೆ 3.5, 8ಕ್ಕೆ 4.27. ವೇಗದಲ್ಲಿ ಒಂದೇ ಮೀಟರ್ ಹೆಚ್ಚಾದರೆ ಎತ್ತರದಲ್ಲಿ ಮುಕ್ಕಾಲು ಮೀಟರಿಗಿಂತ ಜಾಸ್ತಿ ಸಿಗುತ್ತದೆ.

ಹಾರುವಾಗ ಒಂದಿಷ್ಟು ಶಕ್ತಿ ವ್ಯರ್ಥವಾಗುತ್ತದೆ. ನುರಿತವರು ತೋಳು, ಹೊಟ್ಟೆಯ ಬಲದಿಂದ ಮೇಲೆ ಇನ್ನಷ್ಟು ಸೇರಿಸುತ್ತಾರೆ. ಹೊಸಬರಿಗೆ ಲೆಕ್ಕ ಹೇಳುವಷ್ಟು ಎತ್ತರ ಬರುವುದಿಲ್ಲ. ಆದರೂ ಮೇಲಿನ ಮಿತಿ ನಿರ್ಧಾರವಾಗುವುದು ಓಟದಿಂದಲೇ. 5 ಮೀಟರ್ ಹತ್ತಿರ ಹಾರುವ ಹೆಂಗಸರು ಪೋಲ್ ಹೊತ್ತುಕೊಂಡೇ ಸೆಕೆಂಡಿಗೆ 8 ಮೀಟರಿಗಿಂತ ಜಾಸ್ತಿ ವೇಗದಲ್ಲಿ ಬರುತ್ತಾರೆ. 14.2ರಲ್ಲಿ 100 ಮೀಟರ್ ಓಡುವ ನಿಮ್ಮ ಮಗಳ ಗರಿಷ್ಠ ವೇಗ ಸುಮಾರು ಏಳೂಮುಕ್ಕಾಲು ಇರಬಹುದು, ಅದೂ ಬರಿಗೈಯಲ್ಲಿ. ಪೋಲ್ ಹೊತ್ತರೆ 7ರ ಆಸುಪಾಸಿಗೆ ಇಳಿಯುತ್ತದೆ. ಈಗಿನ ಓಟದಲ್ಲಿ ಎಷ್ಟೇ ದುಬಾರಿ ಪೋಲ್ ಕೊಡಿಸಿದರೂ ಆ ವೇಗದ ಮಿತಿ ದಾಟಿಸಲಾರದು. ಅದಕ್ಕೇ ಮೊದಲು ಓಟ ಅಂದದ್ದು.

ಓಡಿ ಬಂದಮೇಲೆ ಏನಾಗುತ್ತದೆ? ಓಡಿ ಬರುವ ದಾರಿಯ (ರನ್‌ವೇ) ಕೊನೆಯಲ್ಲಿ ನೆಲದೊಳಗೆ ಒಂದು ಬಾಕ್ಸ್ ಇರುತ್ತದೆ, 20 ಸೆಂಟಿಮೀಟರ್ ಆಳ. ಪೋಲ್‌ನ ತುದಿಯನ್ನು ಅದರಲ್ಲಿ ಊರುತ್ತಾ ಎರಡೂ ಕೈ ಮೇಲೆತ್ತಿ ನೆಲ ಒದೆಯಬೇಕು. ಪೋಲ್ ಬಾಗುತ್ತದೆ. ಆಗ ಉದ್ದಕ್ಕೆ ಚಾಚಿದ ಕಾಲನ್ನು ಹಿಂದಿನಿಂದ ಮುಂದಕ್ಕೆ ಬೀಸಬೇಕು. ಪಂಚಮಿಯಲ್ಲಿ ನಿಂತು ಜೋಕಾಲಿ ಜೀಕುವ ಹುಡುಗಿ ಸರಿಯಾದ ಗಳಿಗೆಗೆ ಮೈ ಬೀಸಿ ಪ್ರತಿ ಸಲ ಇನ್ನಷ್ಟು ಮೇಲೆ ಹೋಗುತ್ತಾಳಲ್ಲ, ಇದೂ ಅದೇ ಕೆಲಸ. ಆ ಬೀಸಿನಲ್ಲೇ ಮೈ ತಲೆಕೆಳಗಾಗಬೇಕು, ಪಾದ ಆಕಾಶಕ್ಕೆ. ಪೋಲ್ ನೆಟ್ಟಗಾಗುವ ಹೊತ್ತಿಗೆ ಅದರ ಜೊತೆ ಮೇಲೇರಿ, ಮೈ ತಿರುಗಿಸಿ, ಕೈಯಿಂದ ತಳ್ಳಿ ಬಾರ್ ದಾಟಬೇಕು. ನೆಲ ಬಿಟ್ಟಾಗಿನಿಂದ ಇಲ್ಲಿಯವರೆಗೆ ಒಂದೆರಡು ಸೆಕೆಂಡ್ ಅಷ್ಟೇ.

ಹೆಚ್ಚಿನ ಮಕ್ಕಳು ಸಿಕ್ಕಿಬೀಳುವುದು ಈ ತಲೆಕೆಳಗಾಗುವ ಕಡೆ. ತಲೆ ಕೆಳಗೆ, ಕಾಲು ಮೇಲೆ ಅಂದ ಕೂಡಲೇ ಎಡಬಲ ತಿಳಿಯುವುದಿಲ್ಲ, ಕೈ ಬಿಟ್ಟುಬಿಡುತ್ತಾರೆ. ಇದನ್ನು ಮೈಗೂಡಿಸಲು ವರ್ಷಗಳೇ ಬೇಕು. ನಿಮ್ಮ ಮಗಳಿಗೆ ಅದು ಆಗಲೇ ಬಂದಿದೆ. ಹಗ್ಗದ ಮೇಲೆ ಕಾಲು ಮೇಲೆ ಮಾಡಿ ನಿಲ್ಲುವವಳಿಗೆ, ಕಂಬದ ಮೇಲೆ ಒಂದೇ ಕೈಯಲ್ಲಿ ಮೈ ತಿರುಗಿಸುವವಳಿಗೆ ಪೋಲ್ ಮೇಲೆ ತಲೆಕೆಳಗಾಗುವುದು ಹೊಸದಲ್ಲ. ಜಗತ್ತಿನ ಕೋಚ್‌ಗಳು ವಾಲ್ಟರ್‌ಗಳಿಗೆ ಹಗ್ಗ ಹತ್ತಿಸುತ್ತಾರೆ, ಹಗ್ಗ ಹಿಡಿದು ತೂಗಿಸುತ್ತಾರೆ, ತಲೆಕೆಳಗೆ ನೇತಾಡಿಸುತ್ತಾರೆ. ನಮ್ಮ ಭಾಗದಲ್ಲಿ ಅದು ಗರಡಿಯಲ್ಲೇ ಇದೆ. ಮಲ್ಲಕಂಬದ ಮಕ್ಕಳನ್ನು ಪೋಲ್ ವಾಲ್ಟ್ ಕಡೆಗೆ ತಿರುಗಿಸುವ ಕೆಲಸವನ್ನು ನಾವು ಸರಿಯಾಗಿ ಮಾಡಿಲ್ಲ, ಮಾಡಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಹಾಗಾಗಿ ಪೋಲ್ ವಾಲ್ಟ್‌ಗೆ ಅಂತ ಮಲ್ಲಕಂಬ ಬಿಡಿಸಬೇಡಿ. ವಾರಕ್ಕೆ ಎರಡು ಮೂರು ದಿನ ಇರಲಿ.

ನೀವು ಕೇಳಿದ್ದು ಹೆಣ್ಣುಮಕ್ಕಳ ಬದುಕು ಈ ಆಟದಲ್ಲಿ ಹೇಗಿರುತ್ತದೆ ಅಂತ. ಇಸಿನ್‌ಬಯೆವಾಳ ದಾರಿಯನ್ನೇ ಹೇಳುತ್ತೇನೆ. ಅದರಲ್ಲಿ ಏರಿಳಿತ ಎರಡೂ ಇವೆ.

ಶುರು ಮಾಡಿದ ಮರುವರ್ಷ, 16ನೇ ವಯಸ್ಸಿನಲ್ಲಿ ಮಾಸ್ಕೋದಲ್ಲಿ 4.00 ಮೀಟರ್ ಹಾರಿ ವಿಶ್ವ ಯುವ ಕೂಟ ಗೆದ್ದಳು. 1999ರಲ್ಲಿ 4.10. 2000ದಲ್ಲಿ ಜೂನಿಯರ್ ವಿಶ್ವ ಚಾಂಪಿಯನ್, 4.20. ಅದೇ ವರ್ಷ ಸಿಡ್ನಿ ಒಲಿಂಪಿಕ್ಸ್‌ಗೆ ಹೋದಳು, ಫೈನಲ್ ತಲುಪಲಿಲ್ಲ. ವರ್ಷಕ್ಕೆ 10 ಸೆಂಟಿಮೀಟರ್ ಏರಿದ್ದನ್ನು ನೋಡಿ. ಅಷ್ಟು ಪ್ರತಿಭೆ ಇದ್ದವಳಿಗೂ ಏರಿಕೆ ಹಾಗೇ ಬಂತು. 2003ರಲ್ಲಿ ಇಂಗ್ಲೆಂಡಿನ ಗೇಟ್ಸ್‌ಹೆಡ್‌ನಲ್ಲಿ 4.82, ಆಕೆಯ ಮೊದಲ ವಿಶ್ವದಾಖಲೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ 4.91, ಚಿನ್ನ. 2005ರ ಜುಲೈ 22ರಂದು ಲಂಡನ್‌ನಲ್ಲಿ 5.00 ಮೀಟರ್. ಅಷ್ಟು ಎತ್ತರ ದಾಟಿದ ಮೊದಲ ಹೆಂಗಸು ಆಕೆ.

ಅದೇ ವರ್ಷದ ಕೊನೆಗೆ ಆಕೆ ಕೋಚ್ ಬದಲಿಸಿದಳು. ಮೊದಲಿನಿಂದ ಕಲಿಸಿದ ಯೆವ್ಗೆನಿ ತ್ರೊಫಿಮೊವ್ ಅವರನ್ನು ಬಿಟ್ಟು, ಗಂಡಸರ ಪೋಲ್ ವಾಲ್ಟ್‌ನ ದಿಗ್ಗಜ ಸೆರ್ಗೆಯ್ ಬುಬ್ಕಾಗೆ ಕಲಿಸಿದ್ದ ವಿತಾಲಿ ಪೆಟ್ರೊವ್ ಬಳಿ ಹೋದಳು. ಶಿಖರದಲ್ಲಿದ್ದಾಗ ಹಾರುವ ರೀತಿಯನ್ನೇ ತಿದ್ದಿಕೊಳ್ಳಲು ಹೊರಡುವುದು ಸಣ್ಣ ಧೈರ್ಯವಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 5.05 ಹಾರಿ ಮತ್ತೆ ಚಿನ್ನ ಗೆದ್ದಳು.

2009ರ ಆಗಸ್ಟ್‌ನಲ್ಲಿ ಬರ್ಲಿನ್ ವಿಶ್ವ ಚಾಂಪಿಯನ್‌ಷಿಪ್ ಬಂತು. ಉಳಿದವರು ಕೆಳಗಿನ ಎತ್ತರಗಳನ್ನು ಹಾರುತ್ತಿದ್ದರು, ಈಕೆ ಕಾಯುತ್ತಾ ಕುಳಿತಳು. ಪೋಲ್ ವಾಲ್ಟ್‌ನಲ್ಲಿ ಬೇಡವಾದ ಎತ್ತರವನ್ನು ಬಿಟ್ಟುಕೊಡಬಹುದು. ಆದರೆ ಸತತ ಮೂರು ತಪ್ಪಾದರೆ ಆಟ ಮುಗಿಯಿತು. ಆಕೆ ಒಂದು ಎತ್ತರವನ್ನೂ ದಾಟದೆ ಹೊರಗೆ ಬಂದಳು. ಪಟ್ಟಿಯಲ್ಲಿ ಹೆಸರಿನ ಮುಂದೆ ಅಂಕೆಯೇ ಇಲ್ಲ. 11 ದಿನ ಕಳೆದು ಜ್ಯೂರಿಕ್‌ನಲ್ಲಿ 5.06 ಹಾರಿದಳು. ಇವತ್ತಿಗೂ ಉಳಿದಿರುವ ವಿಶ್ವದಾಖಲೆ ಅದೇ. ಎರಡು ವಾರದೊಳಗೆ ಅದೇ ಮೈ, ಅದೇ ಓಟ. ಈ ಆಟದಲ್ಲಿ ಮನಸ್ಸಿನ ಪಾಲು ಎಷ್ಟು ಅಂತ ಮಗಳಿಗೆ ಹೇಳುವಾಗ ಇದನ್ನೇ ಹೇಳಿ.

2010ರಲ್ಲಿ ದಣಿದು ಸುಮಾರು ಒಂದು ವರ್ಷ ಆಟದಿಂದ ದೂರ ಉಳಿದಳು. 2011ರಲ್ಲಿ ಮೊದಲಿನ ಕೋಚ್ ಬಳಿಗೇ ವಾಪಸ್ ಹೋದಳು. ಆ ವರ್ಷ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪದಕ ಸಿಗಲಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 4.70, ಕಂಚು. ಅಲ್ಲಿ ಸುಹರ್ ಮತ್ತು ಕ್ಯೂಬಾದ ಯಾರಿಸ್ಲಿ ಸಿಲ್ವಾ ಇಬ್ಬರೂ 4.75 ಹಾರಿದ್ದರು. ತಪ್ಪುಗಳ ಲೆಕ್ಕದಲ್ಲಿ ಸುಹರ್‌ಗೆ ಚಿನ್ನ ಹೋಯಿತು. 2013ರಲ್ಲಿ ತನ್ನದೇ ದೇಶದ ಮಾಸ್ಕೋದಲ್ಲಿ 4.89 ಹಾರಿ ಇಸಿನ್‌ಬಯೆವಾ ಮತ್ತೆ ವಿಶ್ವ ಚಾಂಪಿಯನ್ ಆದಳು. 2014ರಲ್ಲಿ ತಾಯಿಯಾದಳು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಹಾರಬೇಕು ಅಂತ ಮತ್ತೆ ತಯಾರಾಗಿದ್ದಳು. ಉದ್ದೀಪನ ಮದ್ದಿನ ಹಗರಣದಿಂದ ರಷ್ಯಾದ ಅಥ್ಲೆಟಿಕ್ಸ್ ತಂಡಕ್ಕೇ ನಿಷೇಧ ಬಿತ್ತು. ಆಕೆಗೆ ಅವಕಾಶ ಸಿಗಲಿಲ್ಲ, ಅಲ್ಲಿಗೆ ನಿವೃತ್ತಿ ಹೇಳಿದಳು. ಹೀಗೆ ಶುರುವಿನಿಂದ ಕೊನೆಯವರೆಗೆ ಸುಮಾರು 19 ವರ್ಷ. ದಾಖಲೆಯ ದಿನಗಳು ಅದರಲ್ಲಿ ಬೆರಳೆಣಿಕೆ. ಉಳಿದದ್ದು ಅಭ್ಯಾಸ, ಗಾಯ, ಪ್ರಯಾಣ, ಸೋಲು.

ಈಗಿನವರ ಎತ್ತರವನ್ನೂ ಹೇಳಿಬಿಡುತ್ತೇನೆ. ನಿಮ್ಮ ಮಗಳು ನೋಡಿದ 2024ರ ಪ್ಯಾರಿಸ್ ಫೈನಲ್ ಗೆದ್ದದ್ದು ಆಸ್ಟ್ರೇಲಿಯಾದ ನೀನಾ ಕೆನಡಿ, 4.90. ಅದರ ಹಿಂದಿನ ವರ್ಷ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕೆನಡಿಯೂ ಅಮೆರಿಕದ ಕೇಟಿ ಮೂನ್‌ಳೂ ಇಬ್ಬರೂ 4.90 ಹಾರಿ, ಚಿನ್ನವನ್ನು ಹಂಚಿಕೊಂಡಿದ್ದರು.

ನಮ್ಮ ದೇಶದ ಮಾತಿಗೆ ಬಂದರೆ, ತಮಿಳುನಾಡಿನ ಹುಡುಗಿಯರು ಈ ಆಟವನ್ನು ಹೊತ್ತು ನಡೆಸಿದ್ದಾರೆ. ವಿ.ಎಸ್. ಸುರೇಖಾ 2014ರಲ್ಲಿ 4.15 ಹಾರಿ ರಾಷ್ಟ್ರೀಯ ದಾಖಲೆ ಮಾಡಿದರು. ಎಂಟು ವರ್ಷ ಅದನ್ನು ಯಾರೂ ಮುಟ್ಟಲಿಲ್ಲ. 2022ರಲ್ಲಿ ರೋಸಿ ಮೀನಾ ಪೌಲ್‌ರಾಜ್ ಗಾಂಧಿನಗರದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 4.20 ಹಾರಿದರು, ಆಮೇಲೆ ನಮ್ಮ ಬೆಂಗಳೂರಿನಲ್ಲೇ 4.21. ಪವಿತ್ರಾ ವೆಂಕಟೇಶ್ 2023ರಲ್ಲಿ ಏಷ್ಯಾ ಒಳಾಂಗಣ ಕೂಟದಲ್ಲಿ 4.00 ಹಾರಿ ಬೆಳ್ಳಿ ತಂದರು. ನಮ್ಮ ರಾಜ್ಯದ ಖ್ಯಾತಿ ವಖಾರಿಯಾ ಕೂಡ ರಾಷ್ಟ್ರೀಯ ಕೂಟಗಳಲ್ಲಿ ಪದಕ ಗೆದ್ದವರು.

ಪ್ಯಾರಿಸ್ ಒಲಿಂಪಿಕ್ಸ್‌ಗೆ ನೇರ ಅರ್ಹತೆ ಬೇಕಿದ್ದರೆ 4.73 ಹಾರಬೇಕಿತ್ತು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಚೀನಾದ ಲಿ ಲಿಂಗ್ 4.63 ಹಾರಿ ಚಿನ್ನ ಗೆದ್ದರು. ನಾವು 4.20ರ ಆಸುಪಾಸಿನಲ್ಲಿದ್ದೇವೆ. ಆ ಅಂತರವನ್ನು ಮಗಳಿಂದ ಮುಚ್ಚಿಡಬೇಡಿ. ಅದರ ಜೊತೆಗೆ ಇನ್ನೊಂದು ಮಾತೂ ಹೇಳಿ. 3.50 ದಾಟುವ ಹುಡುಗಿಯರೇ ನಮ್ಮಲ್ಲಿ ಬಹಳ ಕಡಿಮೆ. 100 ಮೀಟರ್ ಓಟದಲ್ಲಿ ನೂರಾರು ಜನರ ಜೊತೆ ಗುದ್ದಾಡಬೇಕು. ಇಲ್ಲಿ ಸರಿಯಾಗಿ ಕಲಿತವಳಿಗೆ ರಾಜ್ಯದ ಪದಕ, ರಾಷ್ಟ್ರೀಯ ಜೂನಿಯರ್ ಕೂಟದ ಬಾಗಿಲು ಬೇಗ ತೆರೆಯುತ್ತದೆ.

ತಮಿಳುನಾಡಿನವರೇ ಯಾಕೆ ಮುಂದೆ? ನನ್ನ ಅಭಿಪ್ರಾಯದಲ್ಲಿ ಈ ಆಟ ಬೆಳೆಯುವುದು ಹಾರಿದವರು ಬೀಳುವ ದಪ್ಪ ಮ್ಯಾಟ್, ಕೋಚ್ ಮತ್ತು ಪೋಲ್‌ಗಳ ಸಾಲು ಮೂರೂ ಒಂದೇ ಕಡೆ ಇರುವಲ್ಲಿ. ಪೋಲ್‌ಗಳ ಸಾಲು ಅಂದರೇನು ಅಂತ ತಿಳಿದರೆ ನಿಮ್ಮ ಮನೆಯವರು ಸಾಲದ ಮಾತು ಬಿಡುತ್ತಾರೆ.

ಪ್ರತಿ ಪೋಲ್ ಮೇಲೂ ಉದ್ದ ಮತ್ತು ತೂಕ ಬರೆದಿರುತ್ತದೆ. ತೂಕ ಅಂದರೆ ಪೋಲಿನ ತೂಕವಲ್ಲ, ಹಾರುವವಳ ತೂಕ. 50 ಕೆ.ಜಿ. ಹುಡುಗಿಗೆ ಮಾಡಿದ ಪೋಲ್ 60 ಕೆ.ಜಿ. ಹುಡುಗಿಗೆ ತೀರಾ ಮೆತ್ತಗಾಗಿ ಅಪಾಯವಾಗುತ್ತದೆ. ತನ್ನ ತೂಕಕ್ಕಿಂತ ಕಡಿಮೆಯ ಪೋಲ್ ಹಿಡಿಯಬಾರದು, ಇದು ಸುರಕ್ಷತೆಯ ಮೊದಲ ಪಾಠ. ಕಲಿಯುವ ಹುಡುಗಿ ಮೂರು ಮೀಟರ್ ಚಿಲ್ಲರೆ ಉದ್ದದ ಪೋಲ್‌ನಿಂದ ಶುರು ಮಾಡುತ್ತಾಳೆ. ಓಟ ಹೆಚ್ಚಾದಂತೆ, ಕೈ ಹಿಡಿತ ಮೇಲೇರಿದಂತೆ ಉದ್ದ ಮತ್ತು ಗಡಸುತನ ಹೆಚ್ಚುತ್ತಾ ಹೋಗಬೇಕು. ಒಳ್ಳೆಯ ವಾಲ್ಟರ್ ಒಂದೇ ಕೂಟಕ್ಕೆ ನಾಲ್ಕಾರು ಪೋಲ್ ಒಯ್ಯುತ್ತಾಳೆ. ಗಾಳಿ ಎದುರಿಂದ ಬಂದರೆ ಒಂದು, ಹಿಂದಿನಿಂದ ಬಂದರೆ ಇನ್ನೊಂದು. ಇಸಿನ್‌ಬಯೆವಾ ಮೊದಲ ಎತ್ತರಕ್ಕೆ ಗುಲಾಬಿ, ನಡುವಿಗೆ ನೀಲಿ, ಕೊನೆಗೆ ಬಂಗಾರದ ಬಣ್ಣದ ಪೋಲ್ ಹಿಡಿಯುತ್ತಿದ್ದುದು ಹೆಸರುವಾಸಿ. ನೀವು ಇವತ್ತು ಹತ್ತಾರು ಸಾವಿರ ಸುರಿದು ಒಂದು ಪೋಲ್ ತಂದರೆ ಅದು ಒಂದೋ ಈಗ ಗಡಸು, ಇಲ್ಲ ಆರು ತಿಂಗಳಲ್ಲಿ ಮೆತ್ತಗೆ. ಅದಕ್ಕೇ ಪೋಲ್‌ಗಳು ಮೈದಾನದವು ಆಗಿರಬೇಕು. ಅಕ್ಕ ಬಿಟ್ಟ ಪೋಲನ್ನು ತಂಗಿ ಹಿಡಿಯುವಂತೆ ದೊಡ್ಡವರಿಂದ ಚಿಕ್ಕವರಿಗೆ ಬರಬೇಕು.

ಪೋಲ್ ಸಾಗಿಸುವುದೂ ಒಂದು ದೊಡ್ಡ ಕಷ್ಟ. ಕ್ರೂಸರ್ ಮೇಲೆ ಕಟ್ಟಿಕೊಂಡು ಧಾರವಾಡದವರೆಗೆ ಹೋಗಬಹುದು. ದೂರದ ರಾಜ್ಯಕ್ಕೆ ರೈಲಿನಲ್ಲಿ ಒಯ್ಯುವಾಗ ಬೋಗಿಯೊಳಗೆ ಹಿಡಿಸುವುದಿಲ್ಲ, ಪಾರ್ಸೆಲ್‌ನಲ್ಲಿ ಹಾಕಿದರೆ ಸಮಯಕ್ಕೆ ಬರುತ್ತದೋ ಇಲ್ಲವೋ ಅನ್ನುವ ಚಿಂತೆ. ದೊಡ್ಡ ಮಟ್ಟದಲ್ಲೂ ಇದು ತಪ್ಪಿದ್ದಲ್ಲ. 2008ರ ಬೀಜಿಂಗ್ ಒಲಿಂಪಿಕ್ ಫೈನಲ್‌ನಲ್ಲಿ ಮುರೆರ್‌ಳ ಪೋಲ್‌ಗಳಲ್ಲಿ ಒಂದು ಕಾಣೆಯಾಯಿತು. ಮುಂದಿನ ಎತ್ತರಕ್ಕೆ ಬೇಕಿದ್ದದ್ದೇ ಅದು. ಹುಡುಕಿದರು, ಸಿಗಲಿಲ್ಲ. ಪದಕದ ಆಸೆ ಅಲ್ಲೇ ಮುಗಿಯಿತು. ಇನ್ನೊಬ್ಬರದ್ದನ್ನು ತೆಗೆದುಕೊಳ್ಳಬಾರದಿತ್ತೇ ಅಂತ ಕೇಳಬಹುದು. ಅವರು ಒಪ್ಪಿದರೆ ತೆಗೆದುಕೊಳ್ಳಬಹುದು, ನಿಯಮವಿದೆ. ಆದರೆ ತನ್ನ ಓಟಕ್ಕೆ, ತೂಕಕ್ಕೆ, ಹಿಡಿತಕ್ಕೆ ಹೊಂದುವ ಪೋಲ್ ಆ ಗಳಿಗೆಯಲ್ಲಿ ಎಲ್ಲಿ ಸಿಗಬೇಕು? ಅದೇ ಮುರೆರ್ ಮೂರು ವರ್ಷದ ಮೇಲೆ ದಕ್ಷಿಣ ಕೊರಿಯಾದ ಡೇಗುವಿನಲ್ಲಿ 4.85 ಹಾರಿ ವಿಶ್ವ ಚಾಂಪಿಯನ್ ಆದಳು.

ಇನ್ನು ಬಿದಿರಿನ ಮಾತು. ಬಿದಿರಿಗೆ ಅದರದೇ ಗೌರವವಿದೆ. ಅಮೆರಿಕದ ಕಾರ್ನೆಲಿಯಸ್ ವಾರ್ಮರ್‌ಡ್ಯಾಮ್ 1942ರಲ್ಲಿ ಬಿದಿರಿನ ಪೋಲ್ ಹಿಡಿದು 4.77 ಮೀಟರ್ ಹಾರಿದ್ದರು. ಈಗಿನ ಫೈಬರ್‌ಗ್ಲಾಸ್ ಹಿಡಿದೂ ಆ ಎತ್ತರ ದಾಟಿದ ಹೆಂಗಸರು ಜಗತ್ತಿನಲ್ಲಿ ಬಹಳಿಲ್ಲ. ಆದರೆ ಅವರ ಬಿದಿರು ಆರಿಸಿ ಪಳಗಿಸಿದ್ದು. ನಮ್ಮ ಶಾಲೆಗಳಿಗೆ ಬರುವುದು ಚಪ್ಪರಕ್ಕೆ ತಂದ ಗಳ. ಒಳಗೆ ಎಲ್ಲಿ ಹುಳ ತಿಂದಿದೆ, ಎಲ್ಲಿ ಸೀಳಿದೆ ಗೊತ್ತಾಗುವುದಿಲ್ಲ. ಮುರಿದರೆ ಚೂಪಾಗಿ ಮುರಿಯುತ್ತದೆ. ಕೆಳಗೆ ಮ್ಯಾಟ್ ಇಲ್ಲದೆ ಮರಳು ಮಾತ್ರ ಇದ್ದರೆ ಎರಡು ಮೀಟರ್ ಮೇಲಿಂದ ಬೆನ್ನ ಮೇಲೆ ಬಿದ್ದರೂ ಜೀವಮಾನದ ನೋವು.

ಮಾಸ್ತರರಿಗೆ ನೋವಾಗದಂತೆ ಇದನ್ನು ಹೇಳಿ. ಅವರಿಗೆ ಮಾಡಲು ಬೇರೆ ಕೆಲಸವಿದೆ. ತೆಳ್ಳಗಿನ ಹಗುರ ಗಳವನ್ನು ಸೊಂಟದ ಬಳಿ ಹಿಡಿದು ಬರೀ ಓಡುವುದನ್ನು ಕಲಿಸಬಹುದು. ನಡೆಯುತ್ತಾ ಗಳದ ತುದಿಯನ್ನು ಮೆಲ್ಲಗೆ ಇಳಿಸಿ ಕೈ ಮೇಲೆತ್ತುವುದನ್ನು ಕಲಿಸಬಹುದು. ಹಾರಿಸುವುದು ಬೇಡ.

ಅಪಾಯ ನಿಜವಾಗಿ ಎಲ್ಲಿದೆ ಅಂತ ನಿಮಗೆ ಗೊತ್ತಿರಲಿ. ಬಾರ್‌ಗೆ ತಾಗುವುದರಿಂದ ಏನೂ ಆಗುವುದಿಲ್ಲ, ಅದು ಬಿದ್ದುಹೋಗುತ್ತದೆ. ವೇಗ ಸಾಲದೆ ಪೋಲ್ ನೆಟ್ಟಗಾಗದೆ ಹಿಂದಕ್ಕೆ, ರನ್‌ವೇ ಮೇಲೆ ಬೀಳುವುದು ಅಪಾಯ. ಬಾಕ್ಸ್‌ನೊಳಗೆ ಕಾಲು ಬರುವುದು ಅಪಾಯ. ಮ್ಯಾಟ್‌ನ ಅಂಚಿನಾಚೆ ಹೋಗುವುದು ಅಪಾಯ. ಹೀಗಾಗಿ ಯಾವ ಮೈದಾನಕ್ಕೆ ಹೋದರೂ ಮೊದಲು ಮ್ಯಾಟ್ ನೋಡಿ. ಬಾಕ್ಸ್‌ನ ಎರಡೂ ಪಕ್ಕಕ್ಕೆ ಮ್ಯಾಟ್ ಮುಂದೆ ಬಂದಿರಬೇಕು. ಹೈಜಂಪ್ ಮ್ಯಾಟನ್ನೇ ಎಳೆದು ತಂದು ಇಟ್ಟಿದ್ದರೆ ಮಗಳನ್ನು ವಾಪಸ್ ಕರೆದುಕೊಂಡು ಬನ್ನಿ, ಯಾರು ಏನೇ ಅನ್ನಲಿ.

ಈಗ ಲಕ್ಷ್ಮೇಶ್ವರದಲ್ಲಿದ್ದುಕೊಂಡು ಮಾಡಬಹುದಾದದ್ದು. ಮಾಸ್ತರರ ಹತ್ತಿರ ಒಂದು ಸ್ಟಾಪ್‌ವಾಚ್ ಇರುತ್ತದಲ್ಲ. 25 ಮೀಟರ್ ಓಡಿ ಬಂದು, ನಿಲ್ಲದೆ ಮುಂದಿನ 30 ಮೀಟರ್ ಎಷ್ಟು ಸೆಕೆಂಡಿನಲ್ಲಿ ಓಡುತ್ತಾಳೆ ಅಂತ ತಿಂಗಳಿಗೊಮ್ಮೆ ಅಳೆಯಲಿ. 4.0 ಸೆಕೆಂಡ್ ಅಂದರೆ ಸೆಕೆಂಡಿಗೆ 7.5 ಮೀಟರ್. 3.75 ಅಂದರೆ 8 ಮೀಟರ್. ಈ ಅಂಕೆ ಇಳಿಯುತ್ತಾ ಹೋಗಬೇಕು. ವಾರಕ್ಕೆ ಮೂರು ದಿನ ಓಟ ಸಾಕು. ಚಿಕ್ಕ ದೂರ, ಪೂರ್ತಿ ಜೋರು, ನಡುವೆ ಪೂರ್ತಿ ವಿಶ್ರಾಂತಿ. ಮೈದಾನ ಸುತ್ತಿಸಿ ಸುತ್ತಿಸಿ ದಣಿಸಿದರೆ ವೇಗ ಬರುವುದಿಲ್ಲ. ಜೊತೆಗೆ ಹರ್ಡಲ್ಸ್ ಮತ್ತು ಲಾಂಗ್ ಜಂಪ್ ಇರಲಿ. ಹೆಜ್ಜೆ ಲೆಕ್ಕ ಹಾಕಿ ಓಡುವುದು, ಒಂದೇ ಜಾಗದಲ್ಲಿ ನೆಲ ಒದೆಯುವುದು ಈ ಎರಡರಿಂದ ಬರುತ್ತವೆ, ಪೋಲ್ ವಾಲ್ಟ್‌ಗೆ ಬೇಕಾದದ್ದೂ ಅವೇ. ತಾಲ್ಲೂಕು, ಜಿಲ್ಲಾ ಕೂಟಗಳಲ್ಲಿ ಸದ್ಯಕ್ಕೆ ಆ ಸ್ಪರ್ಧೆಗಳಲ್ಲೇ ಆಡಲಿ.

ಇದರ ಮಧ್ಯೆ ರಜೆಯಲ್ಲಿ ಒಮ್ಮೆ ಧಾರವಾಡಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತಿ ಕೇಂದ್ರವಿದೆ, ಆರ್.ಎನ್. ಶೆಟ್ಟಿ ಕ್ರೀಡಾಂಗಣದಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇದೆ. ಸುಮ್ನೆ ನೋಡಿ ಬರಲು ಅಲ್ಲ, ಅಲ್ಲಿನ ಜಂಪ್ಸ್ ಕೋಚ್ ಎದುರು ಮಗಳು ಓಡಲಿ, ಹಗ್ಗ ಹತ್ತಿ ತೋರಿಸಲಿ. ಗದಗದಲ್ಲಿರುವ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಯಲ್ಲಿ ಕ್ರೀಡಾ ವಸತಿ ನಿಲಯದ ಆಯ್ಕೆ ಯಾವಾಗ ಅಂತ ಕೇಳಿಟ್ಟುಕೊಳ್ಳಿ. ವಯಸ್ಸಿನ ಮಿತಿ ಇರುತ್ತದೆ, ತಪ್ಪಿಸಿಕೊಳ್ಳಬಾರದು. ಅವಳು 16ರ ಹೊತ್ತಿಗೆ ಓಟದಲ್ಲಿ ತಯಾರಾದರೆ, ಆಗ ಬೆಂಗಳೂರಿಗೋ ತಮಿಳುನಾಡಿಗೋ ಕಳಿಸುವ ಪ್ರಶ್ನೆ ಬರಬಹುದು. ಆ ನಿರ್ಧಾರ ಆಗ ಮಾಡಿ.

ಇನ್ನೊಂದು ಮಾತು ತಾಯಿಯಾದ ನಿಮಗೇ ಹೇಳಬೇಕು. 14ರಿಂದ 16ರೊಳಗೆ ಹುಡುಗಿಯ ಮೈ ಬದಲಾಗುತ್ತದೆ, ತೂಕ ಏರುತ್ತದೆ. ಕೆಲವು ತಿಂಗಳು ಓಟ ನಿಂತುಹೋದಂತೆ ಅನ್ನಿಸುತ್ತದೆ, ಮಲ್ಲಕಂಬವೂ ಭಾರವಾಗುತ್ತದೆ. ಆಗ ಯಾರಾದರೂ ‘ತೂಕ ಇಳಿಸು, ಊಟ ಕಡಿಮೆ ಮಾಡು’ ಅನ್ನುತ್ತಾರೆ. ದಯವಿಟ್ಟು ಕೇಳಬೇಡಿ. ಅಭ್ಯಾಸಕ್ಕೆ ತಕ್ಕಷ್ಟು ಉಣ್ಣದ ಹುಡುಗಿಗೆ ಮುಟ್ಟು ತಪ್ಪುತ್ತದೆ, ಎಲುಬು ಸೊರಗುತ್ತದೆ, ಕಾಲಿನ ಎಲುಬಿನಲ್ಲಿ ಸಣ್ಣ ಬಿರುಕು ಬಿಡುತ್ತದೆ. ಆಟವೇ ಅಲ್ಲಿಗೆ ನಿಲ್ಲಬಹುದು. ರೊಟ್ಟಿ, ಕಾಳುಪಲ್ಯ, ಶೇಂಗಾ, ಮೊಸರು, ಹಾಲು, ತಿನ್ನುವವರಾದರೆ ಮೊಟ್ಟೆ. ಹೊಟ್ಟೆ ತುಂಬಾ ಕೊಡಿ. ಮುಟ್ಟು ಎರಡು ಮೂರು ತಿಂಗಳು ನಿಂತರೆ ಅಭ್ಯಾಸದ ದಣಿವು ಅಂತ ಬಿಡದೆ ವೈದ್ಯರಿಗೆ ತೋರಿಸಿ. ಮೈ ಬದಲಾಗುವ ಆ ಕಾಲ ದಾಟಿದ ಮೇಲೆ ಬಲ ಬರುತ್ತದೆ, ವೇಗ ಮತ್ತೆ ಏರುತ್ತದೆ. ಪೋಲ್ ವಾಲ್ಟ್‌ಗೆ ಎತ್ತರದ, ಗಟ್ಟಿ ಮೈಯ ಹುಡುಗಿಯೇ ಬೇಕು.

ದುಡ್ಡಿನ ವಿಷಯ ನೇರವಾಗಿ ಹೇಳುತ್ತೇನೆ. ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದ ಅಥ್ಲೀಟ್‌ಗಳಿಗೆ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ತಲಾ 50,000 ಡಾಲರ್ ಕೊಟ್ಟಿತು. ಅದು ಶಿಖರದ ಮಾತು. ಈ ಆಟದ ಬಹುಮಾನದಿಂದಲೇ ಬದುಕುವವರು ಜಗತ್ತಿನಲ್ಲೇ ಕೆಲವರು. ನಮ್ಮಲ್ಲಿ ಆಟಗಾರರನ್ನು ಹಿಡಿದು ನಿಲ್ಲಿಸುವುದು ಕ್ರೀಡಾ ಕೋಟಾದ ನೌಕರಿ. ರೈಲ್ವೆ, ಪೊಲೀಸ್, ಸೇನೆ ಹೀಗೆ. ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ನಿಮ್ಮ ಪಕ್ಕದ ಹುಬ್ಬಳ್ಳಿಯಲ್ಲೇ ಇದೆ, ಅಲ್ಲಿಂದಲೂ ಕ್ರೀಡಾ ಕೋಟಾದ ಅರ್ಜಿ ಕರೆಯುತ್ತಾರೆ. ಅದಕ್ಕೆ ಮಾನ್ಯತೆ ಇರುವ ಕೂಟಗಳ ಪ್ರಮಾಣಪತ್ರ ಬೇಕು, ಎಸ್ಸೆಸ್ಸೆಲ್ಸಿ, ಪಿಯುಸಿ ಪಾಸಾಗಿರಬೇಕು. ಹಾಗಾಗಿ ಓದು ಬಿಡಿಸಬೇಡಿ, ಜಿಲ್ಲಾ ಕೂಟದ ಸರ್ಟಿಫಿಕೇಟ್ ಕೂಡ ಜೋಪಾನವಾಗಿ ಇಡಿ.

ಧಾರವಾಡಕ್ಕೆ ಹೋದ ದಿನ ಕೋಚ್‌ಗೆ ಏನು ಕೇಳಬೇಕು ಅಂತ ಬರೆದುಕೊಂಡು ಹೋಗಿ. ಪೋಲ್ ವಾಲ್ಟ್ ಮ್ಯಾಟ್ ಇದೆಯಾ, ಯಾವ ವರ್ಷದ್ದು? ಯಾವ ಯಾವ ಉದ್ದದ, ತೂಕದ ಪೋಲ್ ಇವೆ? ನೀವು ಹಿಂದೆ ಹುಡುಗಿಯರಿಗೆ ವಾಲ್ಟ್ ಕಲಿಸಿದ್ದೀರಾ? ಅಭ್ಯಾಸದ ವೇಳೆ ಮ್ಯಾಟ್ ಬಳಿ ನೀವೇ ಇರುತ್ತೀರಾ? ಈ ನಾಲ್ಕಕ್ಕೂ ಸಮಾಧಾನದ ಉತ್ತರ ಸಿಕ್ಕಿದರೆ ಅವರ ಕೈಗೆ ಒಪ್ಪಿಸಿ. ಸಿಗದಿದ್ದರೆ ಓಟ, ಲಾಂಗ್ ಜಂಪ್ ಮಾತ್ರ ಅವರ ಹತ್ತಿರ ಕಲಿಯಲಿ, ಪೋಲ್‌ಗೆ ಬೇರೆ ಕಡೆ ಹುಡುಕೋಣ. ಆಗ 30 ಮೀಟರಿನ ಅಂಕೆಗಳನ್ನು ಹಾಕಿ ಮತ್ತೊಮ್ಮೆ ಬರೆಯಿರಿ ತಂಗಿ, ಮಗಳ ತೂಕ ಮತ್ತು ಎತ್ತರವನ್ನೂ ಸೇರಿಸಿ.